ಕರೆಪ್ಪನ ಎಡ ಮೊಣಕಾಲು

ದೇಸೂರು ಸ್ಟೇಶನ್ನು ಬಿಡುವಾಗ ಭೀಮಗೊಂಡನಿಗೆ ಖಾತ್ರಿಯಿತ್ತು, ಕರೆಪ್ಪ ಇವತ್ತು ಸೋಲುತ್ತಾನೆ. ಗಾಡಿ ಇನ್ನೆರಡು ಮೈಲು ಹೋಗುವಷ್ಟರಲ್ಲಿ, ಯಾರೂ ಏನೂ ಅನ್ನದೆಯೇ, ಆ ಖಾತ್ರಿ ಸಡಿಲಾಯಿತು. ಸೋಲದಿದ್ದರೆ? ರವಿವಾರದ ಬೆಳಗು, ಮೂರನೇ ದರ್ಜೆಯ ಡಬ್ಬಿ, ಕಾಲಿಡಲು ಜಾಗವಿಲ್ಲದಷ್ಟು ಬೆಳಗಾವಿಯ ಮಂದಿ, ಎಲ್ಲರೂ ಖಾನಾಪುರದ ಕುಸ್ತಿಗೇ ಹೊರಟವರು. ಬೆಳಗಾವಿಯ ವಡಗಾವಿ ಗರಡಿಯ, ಅವರ ಮಾತಿನಲ್ಲಿ ತಾಲೀಮಿನ, ಕರೆಪ್ಪನಿಗೂ ನಂದಗಡದ ನಾಗಲಿಂಗನಿಗೂ ಇವತ್ತು ನಿಕಾಲಿ ಕುಸ್ತಿ, ಅಂದರೆ ಒಬ್ಬನ ಬೆನ್ನು ಮಣ್ಣಿಗೆ ಹತ್ತುವ ತನಕ ಬಿಡಿಸುವವರಿಲ್ಲ. ಡಬ್ಬಿಯ ತುಂಬ ಕರೆಪ್ಪನ ತೋಳು, ಕರೆಪ್ಪನ ಕುತ್ತಿಗೆ, ಕರೆಪ್ಪ ದಿನಾ ಹೊಡೆಯುವ ಬಸ್ಕಿ, ಕುಡಿಯುವ ಹಾಲು. ಇಷ್ಟು ಜನರ ನಡುವೆ ಕಿಟಕಿಗೆ ಆತು ಕೂತು, ತನ್ನೂರ ಪೈಲ್ವಾನ ಮಣ್ಣು ಮುಕ್ಕಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿರುವ ಬೆಳಗಾವಿಯವನು ತಾನೊಬ್ಬನೇ ಎಂದು ಹೊಳೆದು ಅವನಿಗೆ ಬೆವರು ಬಂತು. ಇಪ್ಪತ್ತು ವರ್ಷ ವಡಗಾವಿ ತಾಲೀಮು, ವಡಗಾವಿ ತಾಲೀಮು ಎಂದು ಬಡಕೊಂಡ ಬಾಯಿ ಇದು. ಥೂ, ಎಂದುಕೊಂಡ. ಸ್ವಲ್ಪ ಜೋರಾಗಿಯೇ ಅಂದನೇನೋ. ಎದುರಿಗಿದ್ದವನು ತನಗೇ ಅಂದದ್ದೆಂದು ತಿಳಿದು ಕಾಲು ಹಿಂದಕ್ಕೆಳೆದುಕೊಂಡ.

ಹೆಸರು ಭೀಮಗೊಂಡ, ಮೈ ಜೋಳದ ದಂಟು. ಕಚೇರಿಯಲ್ಲಿ ಕಾರಕೂನ. ಜನ್ಮದಲ್ಲಿ ಒಮ್ಮೆಯೂ ಲಂಗೋಟಿ ಕಟ್ಟಿ ಕಣಕ್ಕಿಳಿದವನಲ್ಲ; ಹತ್ತು ವರ್ಷದವನಿದ್ದಾಗ ಗರಡಿಯ ಕೆಂಪು ಮಣ್ಣು ಮೂಸಿ ಎರಡು ದಿನ ಸೀನಿದ್ದೇ ಅವನ ಕುಸ್ತಿ. ಆದರೆ ಯಾವ ಪೈಲ್ವಾನ ಯಾವ ಪಟ್ಟು ಹಾಕಬೇಕಿತ್ತು, ಯಾಕೆ ಹಾಕಲಿಲ್ಲ, ಮುಂದಿನ ಸಲ ಏನು ಮಾಡಬೇಕು, ಕೇಳಿ ಅವನನ್ನು. ಕುತ್ತಿಗೆ ದಪ್ಪಗಿದ್ದವನು ಚಳಿಗಾಲದಲ್ಲಿ ಗೆಲ್ಲುತ್ತಾನೆ, ತೊಡೆ ದಪ್ಪಗಿದ್ದವನು ಬೇಸಿಗೆಯಲ್ಲಿ. ಪಡುವಣ ಗಾಳಿ ಬೀಸುವಾಗ ಗಿಡ್ಡನಿಗೆ ಲಾಭ. ಇಂಥವು ಅವನಲ್ಲಿ ಮೂವತ್ತೆರಡು ಸಿದ್ಧಾಂತಗಳಿದ್ದವು. ಕಾಂಗ್ರೆಸ್ಸಿನ ಅಧಿವೇಶನದ ಮಂಟಪ ಬಿಚ್ಚಿ ಬಿದಿರು ಗಾಡಿಗೆ ಹೇರಿದ ವಾರದಿಂದ ಹಿಡಿದು ಇವತ್ತಿನ ತನಕ, ಈ ಎರಡು ವರ್ಷದಲ್ಲಿ, ವಡಗಾವಿ ತಾಲೀಮಿನ ಹದಿನಾಲ್ಕು ದೊಡ್ಡ ಕುಸ್ತಿಗೆ ಅವನು ಭವಿಷ್ಯ ಹೇಳಿದ್ದ. ಹದಿನಾಲ್ಕೂ ಸುಳ್ಳಾಗಿದ್ದವು. ಕಣ್ಣು ಮುಚ್ಚಿ ಹೇಳಿದರೂ ಏಳಾದರೂ ಖರೇ ಆಗಬೇಕು, ಹದಿನಾಲ್ಕಕ್ಕೆ ಹದಿನಾಲ್ಕು ತಪ್ಪಬೇಕಾದರೆ ಮನುಷ್ಯನಿಗೆ ವಿದ್ಯೆ ಬೇಕು ಎಂದು ಹೆಡ್ ಕಾರಕೂನ ಬಸಲಿಂಗಪ್ಪ ಇಡೀ ಕಚೇರಿ ಕೇಳುವಂತೆ ಹೇಳಿದ್ದ. ಪ್ರತಿಸಲವೂ ಭೀಮಗೊಂಡನ ಹತ್ತಿರ ಕಾರಣವಿರುತ್ತಿತ್ತು: ಮಣ್ಣು ಹಸಿಯಿತ್ತು, ಹಲಗಿಯವನು ತಪ್ಪು ಬಾರಿಸಿದ, ಪಂಚರು ಅವಸರ ಮಾಡಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನೋ ಕುಣಿಯುವವಳ ಪರವಾಗಿ ನೆಲ ಡೊಂಕು ಅನ್ನುವವನು. ಒಮ್ಮೆ ತಾಲೀಮಿನ ಸುಧಾರಣೆಗೆಂದು ದುಂಡನೆಯ ಅಕ್ಷರದಲ್ಲಿ ಎಂಟು ಹಾಳೆ ಬರೆದು ವಸ್ತಾದ ಗುರುಪಾದಪ್ಪನ ಕೈಗೇ ಕೊಟ್ಟು ಬಂದಿದ್ದ. ಪೈಲ್ವಾನರಿಗೆ ಕುಸ್ತಿ ಕಲಿಸಿ ಮುದುಕನಾದ ಗುರುಪಾದಪ್ಪ ಅದನ್ನು ಕಣ್ಣಿಗೆ ಒತ್ತಿಕೊಂಡೇ ತಗೊಂಡ. ಮುಂದಿನ ವಾರ ಕಣದ ಮಣ್ಣಿಗೆ ಬೆರೆಸಲು ತಂದ ಅರಿಷಿಣದ ಪುಡಿಕೆ ಬಿಚ್ಚಿದಾಗ, ಕಟ್ಟಿದ ಹಾಳೆಯ ಮೇಲೆ ತನ್ನದೇ ಐದನೇ ಕಲಮು ಭೀಮಗೊಂಡನ ಕಣ್ಣಿಗೆ ಬಿತ್ತು. ಅಕ್ಷರ ಮಾತ್ರ ಅಳಿಸಿರಲಿಲ್ಲ.

ಆ ಅರಿಷಿಣದ ಪುಡಿಕೆಯನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ಕರೆಪ್ಪನ ತಾಯಿ ಕಾಡವ್ವ ಮೊನ್ನೆ ಮಂಗಳವಾರ ಮನೆಗೆ ಬಂದದ್ದನ್ನು ಹೇಗೆ ನುಂಗುವುದು? ಅವನು ಬಸದಿಗೆ ಹೋಗಿ ಬಂದು, ಧೋತರ ಬದಲಿಸಿ, ಊಟಕ್ಕೆ ಕೂತಿದ್ದ. ಮುದುಕಿ ಹೊಸ್ತಿಲ ಹೊರಗೇ ನಿಂತು ಸೆರಗು ಒಡ್ಡಿದಳು.

"ಎಪ್ಪಾ, ನನ್ನ ಮಗಾ ಗೆಲ್ತಾನ ಅಂತ ಅನಬ್ಯಾಡೋ ನಮ್ಮಪ್ಪಾ. ನಿನ್ನ ಕಾಲು ಬೀಳ್ತೀನಿ."

"ಅಯ್ಯ, ಒಳಗ ಬರ್ರಿ, ಕುಂದರ್ರಿ," ಎಂದಳು ಅವನ ಹೆಂಡತಿ ಜಿನಮತಿ.

"ಕುಂದ್ರಾಕ ಬಂದಿಲ್ಲವ್ವ. ನಿನ್ನ ಗಂಡ ಒಂದು ಮಾತು ಕೊಡ್ಲಿ, ಹೋಗ್ತೀನಿ. ಹೋದ ಸಲಾ ನಮ್ಮ ತಾಲೀಮಿನ ರಾಮನ ಗೆಲ್ತಾನ ಅಂದ್ರು, ಅವನ ಪಕ್ಕಡಿ ಎಲುಬು ಮುರೀತು. ಅದಕ್ಕೂ ಮೊದಲ ಮಲ್ಯಾ. ಇವ್ರ ಬಾಯಾಗ ಏನೈತೋ ಏನೋ."

ಜಿನಮತಿ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದಳು. ನಗುವುದಕ್ಕೇ ಹೋದಳೆಂದು ಅವನಿಗೆ ಗೊತ್ತು. ತಾಟಿನಲ್ಲಿ ಅನ್ನ ಆರುತ್ತಿತ್ತು. ತಾನು ಇಪ್ಪತ್ತು ವರ್ಷ ಹೊಗಳಿದ ತಾಲೀಮಿನ ಪೈಲ್ವಾನನ ತಾಯಿ ತನ್ನ ಹೊಗಳಿಕೆಯಿಂದ ಮಗನನ್ನು ಕಾಪಾಡಿಕೊಳ್ಳಲು ವಡಗಾವಿಯಿಂದ ನಡೆದು ಬಂದಿದ್ದಾಳೆ. ಕಣ್ಣು ತುಂಬಿ ಬಂದವು, ಸಿಟ್ಟಿಗೋ ದುಃಖಕ್ಕೋ ಅವನಿಗೇ ತಿಳಿಯಲಿಲ್ಲ. ಆಯಿತು ಎಂದ. ಮುದುಕಿ ಎರಡೂ ಕೈ ಎತ್ತಿ ಮುಗಿದು ಹೋದಳು, ದೇವರು ಒಳ್ಳೇದು ಮಾಡಲಿ ಎಂದಳು ಕೂಡ. ಮರುದಿನ ಕಚೇರಿಯಲ್ಲಿ ಬಸಲಿಂಗಪ್ಪ ಎಂದಿನಂತೆ, "ಏನ್ರಿ ಭೀಮಗೊಂಡಪ್ಪಾರ, ಖಾನಾಪುರದ್ದು ಏನಂತೈತಿ ನಿಮ್ಮ ಶಾಸ್ತ್ರ?" ಎಂದು ಕೇಳಿದಾಗ, ಇವನು ಲೇಖಣಿ ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು, "ಕರೆಪ್ಪ ಸೋಲತಾನ್ರಿ" ಎಂದ. ಬಸಲಿಂಗಪ್ಪ ಕುರ್ಚಿಯಿಂದ ಎದ್ದು ಎರಡೂ ಕೈ ಮೇಲೆತ್ತಿ, "ಗೆದ್ವಿ! ಗೆದ್ವಿಲೇ ಕುಸ್ತಿನ!" ಎಂದು ಕೂಗಿದ. ಮಧ್ಯಾಹ್ನಕ್ಕೆ ಎಲ್ಲರಿಗೂ ಕುಂದಾ ಬಂತು. ಭೀಮಗೊಂಡನಿಗೂ ಒಂದು ತುಣುಕು ಕೊಟ್ಟರು, ಅವನು ತಿಂದ. ಚೆನ್ನಾಗಿಯೇ ಇತ್ತು.

ಅವರಿಗೇನು ಗೊತ್ತು? ಈ ಸಲದ ಭವಿಷ್ಯ ಗಾಳಿಯದಲ್ಲ, ಕುತ್ತಿಗೆಯದಲ್ಲ. ಈ ಸಲ ಅವನು ಕಣ್ಣಾರೆ ಕಂಡದ್ದಿತ್ತು. ಕಾಡವ್ವ ಬರುವುದಕ್ಕೂ ಮೊದಲಿನ ಶುಕ್ರವಾರ ವಡಗಾವಿಯ ಓಣಿಯಲ್ಲಿ, ಎರಡೂ ಕಡೆ ಮಗ್ಗದ ಸಪ್ಪಳ, ಎದುರಿನಿಂದ ಕರೆಪ್ಪ ಗೋಡೆ ಹಿಡಿದುಕೊಂಡು ಬರುತ್ತಿದ್ದ. ಎಡಗಾಲು ನೆಲಕ್ಕೆ ಊರಿದೊಡನೆ ಹಲ್ಲು ಕಚ್ಚುತ್ತಿದ್ದ. ಇವನನ್ನು ಕಂಡು ನೆಟ್ಟಗೆ ನಿಲ್ಲಲು ನೋಡಿದ, ಆಗಲಿಲ್ಲ. "ಸಾಹೇಬ್ರ, ನೋಡಿಬಿಟ್ರಲ್ರಿ," ಎಂದು ತಲೆ ತಗ್ಗಿಸಿದ. "ಮೊಣಕಾಲು ಹೋಗೇತ್ರಿ. ವಸ್ತಾದರಿಗೂ ಹೇಳಿಲ್ಲ. ನಿಮ್ಮ ಮ್ಯಾಲೆ ನಂಬಿಗಿ ಐತಿ, ಯಾರ ಮುಂದೂ ಅನಬ್ಯಾಡ್ರಿ." ಎಂಥ ದೊಡ್ಡ ಪೈಲ್ವಾನ, ಎಂಥ ದೊಡ್ಡ ಕೈ, ಆ ಕೈಯಲ್ಲಿ ಇವನ ಕೈ ಹಿಡಿದುಕೊಂಡ. ಇಲ್ಲೋ ತಮ್ಮಾ, ಹೇಳೂದಿಲ್ಲ ಎಂದು ಇವನು ಮಾತು ಕೊಟ್ಟ. ಭೀಮಗೊಂಡನ ಬದುಕಿನಲ್ಲಿ ಅಂಥ ಗಳಿಗೆ ಇನ್ನೊಂದಿರಲಿಲ್ಲ. ತಾಲೀಮಿನ ಒಳಗುಟ್ಟು, ವಸ್ತಾದನಿಗೂ ತಿಳಿಯದ್ದು, ತನಗೆ ಗೊತ್ತು. ಒಂಬತ್ತು ದಿನ ಅದನ್ನು ತುಟಿ ಪಿಟ್ಟೆನ್ನದೆ ಕಾಯ್ದುಕೊಂಡು ಬಂದ. ಹೆಂಡತಿಗೆ ಮಾತ್ರ ಹೇಳಿದ. ಹೆಂಡತಿಗೆ ಹೇಳಿದ್ದು ಹೇಳಿದಂತಾಗುವುದಿಲ್ಲ. ಕುಂದಾ ತಿನ್ನುವಾಗ ನಾಲಗೆಯ ತುದಿಗೆ ಬಂದಿತ್ತು, ಕುಂದಾದ ಜೊತೆಗೇ ನುಂಗಿದ. ಅವರೆಲ್ಲ ನಗಲಿ, ರವಿವಾರ ಮಧ್ಯಾಹ್ನ ಕರೆಪ್ಪ ಬೀಳುತ್ತಾನೆ, ಹದಿನೈದನೆಯದು ಖರೇ ಆಗುತ್ತದೆ. ಹದಿನೈದರಲ್ಲಿ ಒಂದು. ಮನುಷ್ಯನಿಗೆ ಒಂದು ಸಾಕು.

ಖಾನಾಪುರದಲ್ಲಿ ಇಳಿದಾಗ ಬಿಸಿಲು ಏರಿತ್ತು. ಮಲಪ್ರಭೆಯ ದಂಡೆಯ ಬಯಲಲ್ಲಿ ಕಣ ಹದ ಮಾಡಿದ್ದರು, ಮಜ್ಜಿಗೆ ಎಣ್ಣೆ ಕುಡಿದ ಕೆಂಪು ಮಣ್ಣು, ಸುತ್ತ ಮಂದಿಯೋ ಮಂದಿ, ಕನ್ನಡ ಅರ್ಧ ಮರಾಠಿ ಅರ್ಧ. ದಾರಿಯಲ್ಲಿ ಇರುವೆಯ ಸಾಲೊಂದು ಅಡ್ಡ ಬಂದಾಗ ಭೀಮಗೊಂಡ ರೂಢಿಯಂತೆ ದಾಟಿಕೊಂಡು ಕಾಲಿಟ್ಟ. ಜೀವಹಿಂಸೆ ಅವನಿಗೆ ಆಗದು. ಮನುಷ್ಯರು ಮನುಷ್ಯರನ್ನು ಕೆಡವುವುದನ್ನು ನೋಡಲು ಹೋಗುವುದು ಯಾವ ಧರ್ಮವೆಂದು ಜಿನಮತಿ ಕೇಳಿದಾಗಲೆಲ್ಲ, ನಾ ಕೆಡವಂಗಿಲ್ಲ, ಬರೇ ಹೇಳತೀನಿ ಎಂದು ಉತ್ತರ ಕೊಡುತ್ತಿದ್ದ. ಸಣ್ಣ ಜೋಡಿಗಳ ಕುಸ್ತಿ ಮುಗಿಯುತ್ತ ಬಂದವು. ಅವನು ನೋಡಲಿಲ್ಲ. ಬೇವಿನ ಗಿಡದ ಕೆಳಗೆ ಲಂಗೋಟಿ ಬಿಗಿಯುತ್ತಿದ್ದ ಕರೆಪ್ಪನನ್ನೇ ನೋಡುತ್ತಿದ್ದ. ಕರೆಪ್ಪ ಎದ್ದ. ನಡೆದ. ಕುಂಟಲಿಲ್ಲ. ಬಸ್ಕಿ ಹೊಡೆಯತೊಡಗಿದ, ಒಂದು, ಎರಡು, ಹತ್ತು, ಇಪ್ಪತ್ತು. ಎರಡೂ ಮೊಣಕಾಲು ಎಣ್ಣೆ ಹಾಕಿದ ಬಾಗಿಲಿನ ಹಾಗೆ ಮಡಚಿ ಬಿಚ್ಚುತ್ತಿದ್ದವು. ಭೀಮಗೊಂಡ ಲೆಕ್ಕ ಹಾಕಿದ. ವಾಸಿಯಾಗಿದೆ. ಒಂಬತ್ತು ದಿನದಲ್ಲಿ ಯಾವನೋ ನಾಟಿ ವೈದ್ಯ ಕಟ್ಟು ಕಟ್ಟಿ ವಾಸಿ ಮಾಡಿದ್ದಾನೆ. ಇಲ್ಲವೆ ನೋವು ನುಂಗುತ್ತಿದ್ದಾನೆ, ಎದುರಾಳಿ ಆ ಕಾಲಿಗೆ ಕೈ ಹಾಕುವ ತನಕ ಯಾರಿಗೂ ತಿಳಿಯದು, ಮತ್ತು ನಾಗಲಿಂಗನೆಂಬ ಆ ನಂದಗಡದ ಎಮ್ಮೆಗೆ ಕೈ ಹಾಕುವ ಬುದ್ಧಿ ಎಲ್ಲಿಂದ ಬರಬೇಕು? ನಾಳೆ ಕಚೇರಿ. ಬಸಲಿಂಗಪ್ಪನ ಎತ್ತಿದ ಕೈಗಳು. ಮತ್ತೆ ಕುಂದಾ. ಹದಿನೈದಕ್ಕೆ ಹದಿನೈದು. ಕಾಡವ್ವ ಹಾದಿಯಲ್ಲಿ ಸಿಕ್ಕಾಗೊಮ್ಮೆ ಕೈಮುಗಿದು, ಎಪ್ಪಾ, ಮುಂದಿನ ಸಲವೂ ಸೋಲ್ತಾನ ಅಂತನ ಅನ್ನು ಎನ್ನುತ್ತಾಳೆ.

ನೀರು ಕುಡಿಯಬೇಕೆಂದು ಎದ್ದ. ಅವನು ಹಾಗೆಂದೇ ಎದ್ದದ್ದು, ಆಮೇಲೆ ಎಷ್ಟು ಸಲ ನೆನೆಸಿಕೊಂಡರೂ ಹಾಗೆಂದೇ. ನೀರಿನ ಹಂಡೆ ನಂದಗಡದವರ ಡೇರೆಯ ಪಕ್ಕದಲ್ಲಿತ್ತು, ಅದಕ್ಕೆ ಅವನೇನು ಮಾಡಬೇಕು? ಬಟ್ಟೆಯಲ್ಲಿ ಸೋಸಿಕೊಂಡು ಕುಡಿದ. ಬಿಳಿಮೀಸೆಯ ಮುದುಕನೊಬ್ಬ ಅಲ್ಲಿ ಕೂತು ತಂಬಾಕು ತಿಕ್ಕುತ್ತಿದ್ದ, ನಾಗಲಿಂಗನ ವಸ್ತಾದ, ಖಾನಾಪುರದ ಮರಾಠಾ. ಭೀಮಗೊಂಡ ಅವನ ಕಡೆ ನೋಡದೆ, ನದಿಯ ಕಡೆ ಮುಖ ಮಾಡಿ, ಹಂಡೆಗೆ ಹೇಳುವವನಂತೆ, "ತ್ಯಾಚಾ ಡಾವಾ ಗುಡಘಾ ದುಖತೋಯ" ಎಂದ. ಅವನ ಎಡ ಮೊಣಕಾಲು ನೋಯುತ್ತಿದೆ. ಮರಾಠಿಯಲ್ಲಿ ಅಂದ. ಕನ್ನಡದಲ್ಲಿ ಅನ್ನಲು ಅವನಿಂದ ಆಗುತ್ತಿರಲಿಲ್ಲ; ಕನ್ನಡದಲ್ಲಿ ಅವನು ಮಾತು ಕೊಟ್ಟಿದ್ದ. ಮರಾಠಿಯಲ್ಲಿ ಆಡಿದ್ದು ಬೇರೆ ಯಾರೋ ಆಡಿದ ಹಾಗಿತ್ತು. ಮುದುಕ ತಲೆಯೆತ್ತಿ ಇವನ ಟೊಪ್ಪಿಗೆಯಿಂದ ಚಪ್ಪಲಿಯ ತನಕ ಒಮ್ಮೆ ನೋಡಿದ.

"ಕುಠಲೇ ತುಮ್ಹೀ?" ಎಲ್ಲಿಯವರು?

"ಬೆಳಗಾಂವಚಾ," ಎಂದುಬಿಟ್ಟ ಭೀಮಗೊಂಡ. ಸುಳ್ಳು ಹೇಳಬಾರದೆಂಬ ವ್ರತ ಆ ಗಳಿಗೆಯಲ್ಲೇ ನೆನಪಾಗಬೇಕೆ!

ಮುದುಕ ತಂಬಾಕು ಬಾಯಿಗೆ ಹಾಕಿಕೊಂಡ, ಪಕ್ಕಕ್ಕೆ ಉಗುಳಿದ, ಎದ್ದು ಡೇರೆಯೊಳಗೆ ಹೋದ. ಬೇಡದ ಸರಕು ಕೊಂಡವನಂಥ ಆ ಮುಖ ಭೀಮಗೊಂಡನಿಗೆ ಕುಸ್ತಿ ಶುರುವಾಗುವ ತನಕವೂ ಕಣ್ಣ ಮುಂದಿತ್ತು.

ಹಲಗಿಗೆ ಪೆಟ್ಟು ಬಿತ್ತು. ಇಬ್ಬರೂ ಕಣದ ಮಣ್ಣು ಹಣೆಗೆ ಹಚ್ಚಿ, ತೊಡೆ ತಟ್ಟಿ, ಒಬ್ಬರ ಭುಜಕ್ಕೊಬ್ಬರು ಮಣ್ಣು ಎರಚಿ ಹಿಡಿದುಕೊಂಡರು. ನಾಗಲಿಂಗ ಮೊದಲ ಹಿಡಿತದಲ್ಲೇ ಬಾಗಿ ಕರೆಪ್ಪನ ಎಡಗಾಲಿಗೆ ಕೈ ಹಾಕಿದ. ಕರೆಪ್ಪ "ಹಾ!" ಎಂದು ಕೂಗಿ ಹಿಂದೆ ಜಿಗಿದ. ಬೆಳಗಾವಿಯ ಮಂದಿ ಒಮ್ಮೆಲೇ ಉಸಿರು ಎಳೆದುಕೊಂಡರು. ಮತ್ತೆ ಎಡಗಾಲಿಗೆ. ಮತ್ತೆ. ಕರೆಪ್ಪ ಈಗ ಕುಂಟುತ್ತಿದ್ದ, ಮುಖ ಹಿಂಡುತ್ತಿದ್ದ. ಭೀಮಗೊಂಡ ತನ್ನನ್ನೇ ಬೈದುಕೊಂಡ. ಆ ಮೊಣಕಾಲು ತಾನು ಕೊಟ್ಟದ್ದು. ಕೈಯಲ್ಲಿ ಕೈ ಹಿಡಿದು ನಂಬಿಗೆ ಐತಿ ಅಂದವನನ್ನು, ಗಾಣಕ್ಕೆ ಎಳ್ಳು ಹಾಕಿದ ಹಾಗೆ ಹಾಕಿಬಿಟ್ಟೆ. ಕಾಲು ಮುರಿದರೆ? ಪೈಲ್ವಾನನ ಕಾಲು ಮುರಿದರೆ ಕಾಡವ್ವ ಎಲ್ಲಿಗೆ ಹೋಗಬೇಕು? ಇರುವೆ ದಾಟಿಕೊಂಡು ಬಂದೆನಲ್ಲ, ಮಹಾ ಅಹಿಂಸಾವಾದಿ, ಥೂ ನನ್ನ ಜನ್ಮಕ್ಕಿಷ್ಟು. ಎದ್ದು ನಿಂತು ಕೂಗಿಬಿಡಬೇಕೆನಿಸಿತು, ನಿಲ್ಲಸ್ರಿ, ತಪ್ಪು ನನ್ನದು ಎಂದು. ಎದ್ದೂ ನಿಂತ. ಹಿಂದಿದ್ದವನು, "ಕುಂದ್ರೋ ಮುದಕಾ, ಕಾಣಸವೊಲ್ಲದು," ಎಂದು ಅವನ ಕೋಟು ಹಿಡಿದು ಜಗ್ಗಿದ. ಕೂತ. ಆ ಕೂರುವ ಹೊತ್ತಿನಲ್ಲೇ, ಅದೂ ಅವನಿಗೆ ಚೆನ್ನಾಗಿ ಗೊತ್ತು, ಒಳಗೆಲ್ಲೋ ಒಂದು ಸಣ್ಣ ದನಿ, ಬೀಳ್ತಾನ, ಹದಿನೈದನೇದು ಖರೇ ಆತು, ಎಂದು ಕುಣಿಯಿತು.

ನಾಗಲಿಂಗ ನಾಲ್ಕನೇ ಸಲ ಬಾಗಿದ. ಈ ಸಲ ಎರಡೂ ಕೈ, ಇಡೀ ಮೈ, ತಲೆ ಕೆಳಗೆ, ಕುತ್ತಿಗೆ ತೆರೆದು, ಎಡ ಮೊಣಕಾಲೊಂದೇ ಲೋಕ ಎಂಬಂತೆ. ಕುಂಟುತ್ತಿದ್ದ ಕರೆಪ್ಪ ಅದೇ ಎಡಗಾಲನ್ನು ಗೂಟದಂತೆ ಊರಿ, ಅದರ ಮೇಲೇ ತಿರುಗಿ, ನಾಗಲಿಂಗನ ಕುತ್ತಿಗೆ ಕಂಕುಳಿಗೆ ಸಿಕ್ಕಿಸಿಕೊಂಡು ಮಗುಚಿ ಹಾಕಿದ. ಅವನ ಇಡೀ ಬೆನ್ನು ಮಣ್ಣಿಗೆ ಹತ್ತಿತು. ಚಿತ್! ಬಯಲಿಗೆ ಬಯಲೇ ಎದ್ದಿತು. ಪೇಟಗಳು ಮೇಲೆ ಹಾರಿದವು. ಭೀಮಗೊಂಡನೂ ಎದ್ದು ಕಿರುಚಿದ. ಕಾಲು ಮುರಿಯಲಿಲ್ಲವೆಂಬ ಸಂತೋಷಕ್ಕೆ ನಿಜವಾಗಿಯೂ ಅತ್ತುಬಿಟ್ಟ, ಮತ್ತು ಅಳುತ್ತಲೇ ಹದಿನೈದು ಎಂದು ಎಣಿಸಿದ. ಎಲ್ಲಿಂದಲೋ ಬಸಲಿಂಗಪ್ಪ ಮಂದಿಯನ್ನು ಸರಿಸಿಕೊಂಡು ಓಡಿ ಬಂದು ತಬ್ಬಿಕೊಂಡು, ಮುಖದ ತುಂಬ ಗುಲಾಲು ಮೆತ್ತಿ, "ನೀವು ಸೋಲತಾನ ಅಂದ್ರಿ, ಗೆದ್ದಾ! ನಿಮ್ಮ ಬಾಯಿಗೆ ಸಕ್ಕರಿ ಹಾಕಬೇಕ್ರಿ!" ಎಂದ. ನಾಲ್ಕು ಜನ ಎತ್ತಿಯೂ ಎತ್ತಿದರು. ಅಷ್ಟು ಎತ್ತರದಿಂದ ಅವನು ಊರವರ ತಲೆಗಳನ್ನು ಮೊದಲ ಬಾರಿ ನೋಡಿದ.

ಸೂರ್ಯ ಮುಳುಗುವ ಮೊದಲೇ ಉಣ್ಣಬೇಕಾದವನು, ಸ್ಟೇಶನ್ನಿನ ಕಟ್ಟಿಗೆಯ ಬೆಂಚಿನ ಮೇಲೆ ಬುತ್ತಿ ಬಿಚ್ಚಿ ಕೂತಿದ್ದ. ಗುಲಾಲು ತೊಳೆದರೂ ಹೋಗಿರಲಿಲ್ಲ. ಆಗ ಪಕ್ಕದಲ್ಲಿ ಬೆಂಚು ಕಿರ್ರೆಂದಿತು. ಕರೆಪ್ಪ. ತಲೆಗೆ ಹೊಸ ಪಟಗ, ಕುತ್ತಿಗೆಯಲ್ಲಿ ಹಾರ. ಬೆಂಚಿನ ಮೇಲೆ ಎರಡೂ ಕಾಲು ಎತ್ತಿಕೊಂಡು ಚಕ್ಕಂಬಕ್ಕಳ ಹಾಕಿ ಕೂತ. ಭೀಮಗೊಂಡ ಆ ಎಡ ಮೊಣಕಾಲನ್ನು ನೋಡಿದ.

"ಮೊಣಕಾಲು... ಹ್ಯಾಂಗೈತೋ ತಮ್ಮಾ?"

"ಅದಕ್ಕೇನಾಗೇತ್ರಿ? ಮೊದಲೂ ಏನೂ ಆಗಿರಲಿಲ್ಲ," ಎಂದ ಕರೆಪ್ಪ. ಬುತ್ತಿಯಿಂದ ಒಂದು ಚಪಾತಿ ತಾನೇ ಎತ್ತಿಕೊಂಡ. "ವಸ್ತಾದರ ತಲ್ಯಾಗಿನ ಹೂಟ ಅದು. ಭೀಮಗೊಂಡಪ್ಪನ ಕಣ್ಣಿಗೆ ಬೀಳೂಹಂಗ ಒಂದಿನಾ ಕುಂಟು, ಯಾರ ಮುಂದೂ ಅನಬ್ಯಾಡ ಅಂತ ಹೇಳು, ಎಡಾ ಕಾಲಿನ ಸುದ್ದಿ ತನ್ನ ತಾನ ನಂದಗಡಕ್ಕ ಮುಟ್ಟತೈತಿ ಅಂದ್ರು."

"ನಾ ಯಾರಿಗೂ ಹೇಳಿಲ್ಲೋ!"

"ಇರ್ಲಿ ಬಿಡ್ರಿ. ಖರೇ ಅಂದ್ರ ನೀವು ಭಾಳ ತಡಾ ಮಾಡಿದ್ರಿ." ಕರೆಪ್ಪ ಬಾಯಿ ತುಂಬ ತಿನ್ನುತ್ತಲೇ, ಎಳ್ಳಷ್ಟೂ ವ್ಯಂಗ್ಯವಿಲ್ಲದೆ ಹೇಳುತ್ತಿದ್ದ. "ಎರಡ ದಿನದಾಗ ಮುಟ್ಟತೈತಿ ಅಂದಿದ್ರು ವಸ್ತಾದರು. ನಿನ್ನಿ ತನಕಾ ನಂದಗಡದಾಗ ಸುದ್ದಿನ ಇಲ್ಲ. ಅವರಿಗೆ ನಿದ್ದಿ ಇಲ್ರಿ. ಈ ಮನಷ್ಯಾನ ಕೈ ಕೊಟ್ನಲ್ಲೋ ಕರೆಪ್ಪಾ, ಇವನ್ನ ನಂಬಿ ಕೆಟ್ವಲ್ಲೋ ಅಂತಿದ್ರು. ನಾನ ಧೈರ್ಯಾ ಹೇಳ್ದೆ, ಇಲ್ರಿ, ಸಾಹೇಬ್ರು ಅಂಥವ್ರಲ್ಲ, ಮುಟ್ಟಸ್ತಾರ ಅಂತ."

ಭೀಮಗೊಂಡ ಕೈಯಲ್ಲಿದ್ದ ಚಪಾತಿ ಕೆಳಗಿಟ್ಟ. ಆ ಒಂಬತ್ತು ದಿನ. ತುಟಿ ಬಿಗಿಹಿಡಿದು, ಕುಂದಾದ ಜೊತೆ ನುಂಗಿಕೊಂಡು, ತಾನೂ ಒಬ್ಬ ಮನುಷ್ಯನೆಂದು ಎದೆ ಉಬ್ಬಿಸಿಕೊಂಡು ತಿರುಗಿದ ಆ ಒಂಬತ್ತು ದಿನ ಗುರುಪಾದಪ್ಪ ನಿದ್ದೆಗೆಟ್ಟಿದ್ದನಂತೆ. ಓದಲು ಬಾರದ ಮುದುಕ. ತನ್ನ ಎಂಟು ಹಾಳೆಯನ್ನು ಓದಲಾರದವನು ತನ್ನನ್ನು ಓದಿಬಿಟ್ಟಿದ್ದ, ಮತ್ತು ಅವನ ಒಂದೇ ಒಂದು ಭವಿಷ್ಯ ಮೊದಲ ಹೊಡೆತಕ್ಕೇ ಖರೇ ಆಗಿತ್ತು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಮಾನ ಬಂತು, ಕಿವಿಯ ತನಕ ಬಂತು. ಅದರ ಹಿಂದೆಯೇ, ಹೇಳಲು ನಾಚಿಕೆ, ಒಂದು ಬಗೆಯ ಹೆಮ್ಮೆಯೂ ಬಂತು. ತಾಲೀಮಿಗೆ ತಾನು ಬೇಕಾಗಿದ್ದ.

"ಅವ್ವಗೂ ಗೊತ್ತಿತ್ತೇನು?"

"ಏ, ಅಕಿಗೆ ಗೊತ್ತಿಲ್ರಿ. ಅಕಿ ಖರೇನ ಅಂಜಿ ಬಂದಿದ್ಲು."

ಬೆಳಗಾವಿಯ ಗಾಡಿಯ ಸೀಟಿ ದೂರದಲ್ಲಿ ಕೇಳಿತು. ಮಂದಿ ಕರೆಪ್ಪನನ್ನು ಕೂಗುತ್ತಿದ್ದರು. ಅವನು ಎದ್ದು ನಿಂತು, ಕೈ ಝಾಡಿಸಿಕೊಂಡು, ಹೋಗುವವನು ತಡೆದ. ಸುತ್ತ ನೋಡಿ, ಬಾಗಿ, ದನಿ ತಗ್ಗಿಸಿದ.

"ಮುಂದಿನ ತಿಂಗಳ ನಿಪ್ಪಾಣಿ ಐತ್ರಿ ಸಾಹೇಬ್ರ. ಬಲಗಡಿ ಭುಜಾ ಯಾಕೋ ಹಿಡಕೊಂಡೈತಿ. ಯಾರ ಮುಂದೂ ಅನಬ್ಯಾಡ್ರಿ."

ಭೀಮಗೊಂಡ ಅವನ ಮುಖವನ್ನು ಹುಡುಕಿ ಹುಡುಕಿ ನೋಡಿದ. ನಗುವಿರಲಿಲ್ಲ. ಬಲಭುಜವನ್ನು ಎಡಗೈಯಿಂದ ಮೆಲ್ಲಗೆ ಒತ್ತಿಕೊಳ್ಳುತ್ತಿದ್ದ, ಖರೇ ನೋವಿದ್ದವನ ಹಾಗೆ.

"ಛೇ ಛೇ, ನಾ ಯಾಕ ಹೇಳ್ಲಿ," ಎಂದ ಭೀಮಗೊಂಡ. ಹಾಗೆನ್ನುತ್ತಿರುವಾಗಲೇ, ನಿಪ್ಪಾಣಿಯಲ್ಲಿ ತನಗೆ ಯಾರ ಪರಿಚಯ ಇದೆ ಎಂದು ನೆನಪು ಮಾಡಿಕೊಳ್ಳತೊಡಗಿದ.